ನಂಬರ್ ಹೋಗಬಹುದು, ಕಣ್ಣಿನ ಉದ್ದ ಹೋಗದು

"ಲೇಸರ್ ಮಾಡಿಸಿ ಕನ್ನಡಕ ಬಿಟ್ಟಾಯ್ತಲ್ಲ ಡಾಕ್ಟ್ರೇ, ಮತ್ತ್ಯಾಕೆ ಪಾಪೆ ಹಿಗ್ಗಿಸೋ ಡ್ರಾಪ್ಸು?" ಮೈನಸ್ ಎಂಟೋ ಒಂಬತ್ತೋ ಪವರ್ ಇದ್ದವರು ಹೀಗೆ ಕೇಳುವುದು ಸಹಜವೇ. ಚಾರ್ಟಿನ ಕೊನೆಯ ಸಾಲನ್ನೂ ಸಲೀಸಾಗಿ ಓದಿರುತ್ತಾರೆ. ಆದರೆ ಲೇಸರ್ ಸರಿಮಾಡುವುದು ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾವನ್ನು. ನಮ್ಮ ಚಿಂತೆ ಇರುವುದು ಹಿಂಭಾಗದ್ದು.

ಮೈನಸ್ ಪವರ್ ಎಂದರೆ ಸಮೀಪದೃಷ್ಟಿ, ದೂರದ್ದು ಮಸುಕಾಗಿ ಕಾಣುವುದು. ಇದರಲ್ಲಿ ಹೆಚ್ಚಾಗಿ ಕಣ್ಣುಗುಡ್ಡೆಯೇ ಹಿಂದಕ್ಕೆ ಉದ್ದವಾಗಿರುತ್ತದೆ. ವಯಸ್ಕರ ಕಣ್ಣು ಸಾಮಾನ್ಯವಾಗಿ ಸುಮಾರು 24 ಮಿ.ಮೀ. ಉದ್ದ. ಇನ್ನೊಂದು ಮಿ.ಮೀ. ಬೆಳೆದರೆ ಮೈನಸ್ ಪವರ್ ಎರಡೂವರೆ, ಮೂರು ಡಯಾಪ್ಟರ್ (ಪವರ್ ಅಳೆಯುವ ಮಾನ) ಏರುತ್ತದೆ. ಮೈನಸ್ 6 ಮುಟ್ಟಿದರೆ, ಅಥವಾ ಉದ್ದ 26 ಮಿ.ಮೀ. ದಾಟಿದರೆ ನಾವು ತೀವ್ರ ಸಮೀಪದೃಷ್ಟಿ ಎನ್ನುತ್ತೇವೆ. ಕಣ್ಣು ಉದ್ದವಾಯಿತೆಂದು ರೆಟಿನಾ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರ, ಹೊಸದಾಗಿ ಹುಟ್ಟುವುದಿಲ್ಲ. ಇರುವಷ್ಟೇ ಪದರ ಊದಿದ ಬಲೂನಿನಂತೆ ಹಿಗ್ಗಿ ತೆಳುವಾಗುತ್ತದೆ. ಮುಂದಿನ ರಗಳೆಗೆಲ್ಲ ಮೂಲ ಇದೇ.

ಯಾಕೆ ಬರುತ್ತದೆ? ತಂದೆತಾಯಿ ಇಬ್ಬರಿಗೂ ಇದ್ದರೆ ಮಗುವಿಗೆ ಬರುವ ಸಾಧ್ಯತೆ ಹೆಚ್ಚು. ಪುಸ್ತಕವಾಗಲಿ ಮೊಬೈಲಾಗಲಿ, ಗಂಟೆಗಟ್ಟಲೆ ಹತ್ತಿರ ಹಿಡಿದು ನೋಡುವುದೂ ಸೇರಿಕೊಳ್ಳುತ್ತದೆ. ಮೊಬೈಲನ್ನು ಬೈಯುವುದರಲ್ಲೇ ಮನೆಯವರ ಗಮನವೆಲ್ಲ ಹೋಗುತ್ತದೆ. ಮಗು ಹಗಲು ಹೊತ್ತಿನಲ್ಲಿ ಎಷ್ಟು ಹೊತ್ತು ಹೊರಗಿರುತ್ತದೆ ಎಂದು ಕೇಳಿದರೆ ಉತ್ತರವಿಲ್ಲ. ದಿನಕ್ಕೆ ಸುಮಾರು ಎರಡು ಗಂಟೆ ಹೊರಗಿನ ಬೆಳಕಿನಲ್ಲಿದ್ದರೆ ಸಮೀಪದೃಷ್ಟಿ ಶುರುವಾಗುವ ಸಂಭವ ಕಡಿಮೆಯಾಗುತ್ತದೆ. ಮೂರು ವರ್ಷದ ಮಗುವಿಗೇ ಮೈನಸ್ ಎಂಟು ಬಂದಿದ್ದರೆ ಮಾತು ಬೇರೆ. ಆಗ ಸ್ಟಿಕ್ಲರ್, ಮಾರ್ಫಾನ್‌ನಂಥ ಆನುವಂಶಿಕ ಕಾಯಿಲೆಗಳನ್ನೂ ಹುಡುಕಬೇಕಾಗುತ್ತದೆ.

ಬೆಳೆಯುವ ವಯಸ್ಸಿನಲ್ಲಿ ನಂಬರ್ ಏರುವ ವೇಗ ತಗ್ಗಿಸಲು ಈಗ ದಾರಿಗಳಿವೆ: ಕಡಿಮೆ ಪ್ರಮಾಣದ ಅಟ್ರೋಪಿನ್ ಹನಿ, ಅದಕ್ಕೆಂದೇ ಮಾಡಿದ ಕನ್ನಡಕ ಮತ್ತು ಕಾಂಟ್ಯಾಕ್ಟ್ ಲೆನ್ಸ್, ರಾತ್ರಿ ಹಾಕಿಕೊಂಡು ಮಲಗುವ ಆರ್ಥೋ-ಕೆ ಲೆನ್ಸ್. ಯಾವುದೂ ಪೂರ್ತಿ ನಿಲ್ಲಿಸುವುದಿಲ್ಲ, ಬೆಳೆದ ಉದ್ದವನ್ನು ಹಿಂದಕ್ಕೆ ತರುವುದೂ ಇಲ್ಲ. ಪವರ್ ಬೇಕೆಂದೇ ಕಡಿಮೆ ಕೊಟ್ಟರೆ ನಂಬರ್ ಏರದು ಎಂಬ ಹಳೆಯ ನಂಬಿಕೆಯನ್ನಂತೂ ಬಿಟ್ಟುಬಿಡಿ. ಅದರಿಂದ ಮಗುವಿಗೆ ಬೋರ್ಡ್ ಕಾಣುವುದಿಲ್ಲ, ಅಷ್ಟೇ.

ದೊಡ್ಡವರಲ್ಲಿ ನಂಬರ್ ನಿಂತ ಮೇಲೆ ಲೇಸರ್ ಆಗುತ್ತದೋ ಇಲ್ಲವೋ ಎಂಬುದನ್ನು ಮುಖ್ಯವಾಗಿ ಕಾರ್ನಿಯಾದ ದಪ್ಪ ಮತ್ತು ಆಕಾರ ಹೇಳುತ್ತವೆ. ಅದರ ದಪ್ಪ ಇರುವುದೇ ಅರ್ಧ ಮಿ.ಮೀ.ಗಿಂತ ಚೂರು ಹೆಚ್ಚು. ನಂಬರ್ ದೊಡ್ಡದಾದಷ್ಟೂ ಹೆಚ್ಚು ಕೆತ್ತಬೇಕು. ಹಾಗಾಗಿ ಮೈನಸ್ ಹತ್ತು, ಹನ್ನೆರಡು ಇದ್ದವರಿಗೆ ನಾನು ಸಾಮಾನ್ಯವಾಗಿ ಕಣ್ಣೊಳಗೆ ಕೂರಿಸುವ ಐಸಿಎಲ್ ಲೆನ್ಸಿನ ಬಗ್ಗೆ ಹೇಳುತ್ತೇನೆ. ಪಾಪೆಯ ಸುತ್ತಲಿನ ಬಣ್ಣದ ಭಾಗವಾದ ಐರಿಸ್ ಹಿಂದೆ, ಸಹಜ ಲೆನ್ಸಿನ ಮುಂದೆ ಅದರ ಜಾಗ.

ಏನೇ ಮಾಡಿಸಿದರೂ ಕಣ್ಣಿನ ಉದ್ದ ಹಾಗೇ ಇರುತ್ತದೆ. ಆದ್ದರಿಂದ ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ರೆಟಿನಾದ ಅಂಚಿನವರೆಗೂ ನೋಡಬೇಕು. ಅಂಚಿನಲ್ಲಿ ಹರಿದಿದ್ದರೆ ಸುತ್ತ ಲೇಸರ್ ಹಾಕಿ ಭದ್ರಪಡಿಸುತ್ತೇವೆ. ಇದು ಕನ್ನಡಕ ಬಿಡಿಸುವ ಲೇಸರ್ ಅಲ್ಲ. ಇದ್ದಕ್ಕಿದ್ದಂತೆ ಮಿಂಚು ಹೊಡೆದ ಹಾಗಾದರೆ, ಕಪ್ಪು ಚುಕ್ಕೆಗಳು ಸುರಿದಂತೆ ಕಂಡರೆ, ಒಂದು ಬದಿಯಿಂದ ಪರದೆ ಇಳಿದಂತಾದರೆ ಅವತ್ತೇ ಬನ್ನಿ. ರೆಟಿನಾ ಕಳಚಿಕೊಂಡರೂ ನೋವಿರುವುದಿಲ್ಲ, ಜನ ತಡಮಾಡುವುದು ಅದಕ್ಕೇ. ನೇರ ಗೆರೆಗಳು ಸೊಟ್ಟಗೆ ಕಂಡರೆ ರೆಟಿನಾದ ನಡುಭಾಗದಲ್ಲಿ ಹೊಸ ರಕ್ತನಾಳ ಬೆಳೆದು ಸೋರುತ್ತಿರಬಹುದು. ಬೇಗ ಬಂದರೆ ಕಣ್ಣಿಗೆ ಇಂಜೆಕ್ಷನ್ ಕೊಟ್ಟು ಹಿಡಿತಕ್ಕೆ ತರಬಹುದು.

ಕಣ್ಣಿನ ನರ ಹಾಳಾಗುವ ಗ್ಲಾಕೋಮಾ ಕೂಡ ತೀವ್ರ ಸಮೀಪದೃಷ್ಟಿ ಇರುವವರಲ್ಲಿ ಹೆಚ್ಚು. ಲೇಸರ್ ಆದವರಲ್ಲಿ ಕಾರ್ನಿಯಾ ತೆಳುವಾಗಿರುವುದರಿಂದ ಕಣ್ಣಿನ ಒತ್ತಡ ಅಳೆದಾಗ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಎಲ್ಲಿ ತೋರಿಸಿಕೊಂಡರೂ ಲೇಸರ್ ಆಗಿದೆ ಎಂದು ಮೊದಲೇ ಹೇಳಿ. ಲೇಸರ್‌ಗೆ ಮುಂಚಿನ ಪವರ್, ಕಾರ್ನಿಯಾದ ಅಳತೆ ಇರುವ ಕಾಗದಗಳನ್ನೂ ಎತ್ತಿಡಿ. ತೀವ್ರ ಸಮೀಪದೃಷ್ಟಿ ಇರುವವರಿಗೆ ಪೊರೆ ಸ್ವಲ್ಪ ಬೇಗನೇ ಬರುತ್ತದೆ, ಆ ಆಪರೇಷನ್ನಿನಲ್ಲಿ ಹಾಕುವ ಲೆನ್ಸಿನ ಲೆಕ್ಕಕ್ಕೆ ಆ ಕಾಗದಗಳು ಬೇಕಾಗುತ್ತವೆ.