ರಾತ್ರಿ ಏರ್ ಪಂಪ್ ಆಫ್ ಮಾಡಬಹುದಾ?

"ಸರ್, ಅಕ್ವೇರಿಯಂನ ಆಕ್ಸಿಜನ್ ಮೋಟರ್ ಸದ್ದಿಗೆ ನಿದ್ದೆ ಬರಲ್ಲ. ರಾತ್ರಿ ಆಫ್ ಮಾಡಿದರೆ ಮೀನು ಸಾಯುತ್ತಾ?"

ಹಾಸನದವರೂ ಇದನ್ನೇ ಕೇಳುತ್ತಾರೆ, ಚಿಕ್ಕಮಗಳೂರಿನವರೂ ಇದನ್ನೇ ಕೇಳುತ್ತಾರೆ. ಇನ್ನೊಂದು ಸಲ ಹೇಳುತ್ತೇನೆ. ಆಫ್ ಮಾಡಲೇಬೇಕಿದ್ದರೆ ಹಗಲು ಮಾಡಿ. ರಾತ್ರಿ ಗಿಡಗಳೂ ಮೀನಿನ ಹಾಗೆ ಆಕ್ಸಿಜನ್ ಎಳೆದುಕೊಳ್ಳುತ್ತವೆ. ಬೆಳಗಿನ ಜಾವಕ್ಕೆ ನೀರಿನಲ್ಲಿ ಅದು ತೀರಾ ಕಡಿಮೆ. ಸದ್ದಿಗೆ ಪಂಪ್ ಕೆಳಗೆ ಮಡಚಿದ ಬಟ್ಟೆ ಇಡಿ, ಸಾಕು.

ಆಮೇಲೆ ಆ ಗುಳ್ಳೆ ವಿಷಯ. ಗುಳ್ಳೆ ಜಾಸ್ತಿ ಬಂದಷ್ಟೂ ಆಕ್ಸಿಜನ್ ಜಾಸ್ತಿ ಅಂತ ಯಾರು ಹೇಳಿಕೊಟ್ಟರೋ! ಒಂದೂವರೆ ಅಡಿ ಎತ್ತರದ ತೊಟ್ಟಿಯಲ್ಲಿ ಗುಳ್ಳೆ ಕೆಳಗಿನಿಂದ ಮೇಲೆ ಬರಲು ಒಂದೆರಡು ಸೆಕೆಂಡು. ಅಷ್ಟರಲ್ಲಿ ಕರಗುವುದು ಎಷ್ಟು? ಒಂಚೂರು. ನೀರಿಗೆ ಆಕ್ಸಿಜನ್ ಇಳಿಯುವುದು ಮುಖ್ಯವಾಗಿ ಮೇಲ್ಮೈಯಿಂದ. ಬಿಸಿ ಕಾಫಿಯನ್ನು ಎತ್ತಿ ಹೊಯ್ದರೆ ಗಾಳಿ ತಾಗಿ ಬೇಗ ಆರುತ್ತೆ ಅಲ್ವಾ, ಅದೇ ಲೆಕ್ಕ. ಗುಳ್ಳೆಯ ಕೆಲಸ ತಳದ ನೀರನ್ನು ಮೇಲಕ್ಕೆ ತರುವುದು, ಮೇಲೆ ಒಡೆದು ನೀರನ್ನು ಅಲುಗಾಡಿಸುವುದು. ಫಿಲ್ಟರ್ ಪೈಪಿನ ಬಾಯನ್ನು ನೀರಿನ ಮಟ್ಟಕ್ಕೆ ತಿರುಗಿಸಿ ಅಲೆ ಏಳುವಂತೆ ಮಾಡಿದರೂ ಅದೇ ಕೆಲಸ ಆಗುತ್ತದೆ. ಬಾಯಿ ತೆರೆದು ಗುಳ್ಳೆ ಬಿಡುವ ನಿಧಿ ಪೆಟ್ಟಿಗೆ ಮಕ್ಕಳ ಖುಷಿಗೆ ಇರಲಿ, ಅದನ್ನು ನಂಬಿ ಇನ್ನೂ ಹತ್ತು ಮೀನು ತರಬೇಡಿ. ಗಾಜಿನ ಬುಡ್ಡಿ ಇಟ್ಟವರು ಕುತ್ತಿಗೆವರೆಗೆ ನೀರು ತುಂಬಿಸುತ್ತಾರೆ, ಗಾಳಿಗೆ ಸಿಗುವ ಜಾಗ ಅಂಗೈಯಷ್ಟೂ ಉಳಿಯುವುದಿಲ್ಲ. ಬುಡ್ಡಿ ಅಗಲ ಇರುವ ಮಟ್ಟಕ್ಕೇ ನಿಲ್ಲಿಸಿ.

"ಭುಸ್ ಅಂತ ಗುಳ್ಳೆ ಬಿಟ್ಟಿದ್ದೀನಿ, ಆದರೂ ಮೀನು ಮೇಲೆ ಬಂದು ಬಾಯಿ ಬಿಡುತ್ತೆ" ಅನ್ನುವವರು ಮೊದಲು ಮೀನು ಎಣಿಸಿ. ಆಮೇಲೆ ತಳದ ಕಲ್ಲಿನ ಸಂದಿಯಲ್ಲಿ ಕೊಳೆಯುತ್ತಿರುವ ಆಹಾರ ನೋಡಿ. ಅದರಿಂದ ಅಮೋನಿಯಾ ಏರಿದರೂ ಮೀನು ಹೀಗೇ ಮಾಡುತ್ತದೆ. ಬೆಟ್ಟಾ, ಗೌರಾಮಿ ಮೇಲೆ ಬಂದು ಉಸಿರಾಡುವುದು ಮಾತ್ರ ಅವುಗಳ ಹುಟ್ಟುಗುಣ.

ನಮ್ಮ ಕಡೆಯ ಇನ್ನೊಂದು ಸಂಗತಿ. 25 ಡಿಗ್ರಿಯ ನೀರು ಮಂಗಳೂರಿನಲ್ಲಿ ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಕ್ಸಿಜನ್ ಹಿಡಿದುಕೊಂಡರೆ, 1,000 ಮೀಟರಿಗಿಂತ ಎತ್ತರದ ಚಿಕ್ಕಮಗಳೂರಿನಲ್ಲಿ 7.3ರ ಆಸುಪಾಸು. ಗಾಬರಿ ಬೇಡ, ಮೀನಿಗೆ ಅಷ್ಟು ಸಾಕು. ಆದರೆ ನೀರು ಬಿಸಿಯಾದಷ್ಟೂ ಇದು ಇಳಿಯುತ್ತದೆ. ಹಾಗಾಗಿ ಚಳಿ ಅಂತ ಹೀಟರನ್ನು ಸುಮ್ನೆ 30ಕ್ಕೆ ತಿರುಗಿಸಬೇಡಿ. ಗಪ್ಪಿ, ಏಂಜಲ್‌ಗೆ 25-26 ಚೆನ್ನ. ಗೋಲ್ಡ್‌ಫಿಶ್ ತಣ್ಣೀರಿನ ಮೀನು, ಅದಕ್ಕೆ ಸಾಮಾನ್ಯವಾಗಿ ಹೀಟರೇ ಬೇಡ.

ಥರ್ಮಾಮೀಟರ್ ಬಗ್ಗೆ ಯಾರೂ ಕೇಳುವುದಿಲ್ಲ, ನಾನೇ ಹೇಳಿಬಿಡುತ್ತೇನೆ. ಗಾಜಿಗೆ ಹೊರಗಿನಿಂದ ಅಂಟಿಸುವ ಸ್ಟಿಕ್ಕರ್ ಮೇಲೆ ಕೋಣೆಯ ಚಳಿಯ ಪ್ರಭಾವವೂ ಇರುತ್ತದೆ. ನೀರೊಳಗೆ ಮುಳುಗುವಂಥದ್ದು ತನ್ನಿ, ಹೀಟರಿನ ಎದುರು ತುದಿಗೆ ಹಾಕಿ. ಡಿಸೆಂಬರಿನಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಒಮ್ಮೆ ನೋಡಿ. ಮೂರ್ನಾಲ್ಕು ಡಿಗ್ರಿ ವ್ಯತ್ಯಾಸ ಇದ್ದರೆ ಹೀಟರ್ ಬೇಕು. ಲೀಟರಿಗೆ ಒಂದು ವ್ಯಾಟ್ ಲೆಕ್ಕ ಹಿಡಿಯಿರಿ.

ಮಳೆಗಾಲದಲ್ಲಿ ಕರೆಂಟ್ ಹೋಗುವ ಕಡೆ ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡಿ. ಇಲ್ಲದಿದ್ದರೆ ಪೈಪಿನಲ್ಲಿ ನೀರು ಹಿಂದಕ್ಕೆ ಹರಿದು ಪಂಪಿನೊಳಗೇ ಇಳಿಯುತ್ತದೆ. ಮೇಲಿಡಲು ಜಾಗ ಇಲ್ಲವೇ? ಅಂಗಡಿಯಲ್ಲಿ ನಾನ್ ರಿಟರ್ನ್ ವಾಲ್ವ್ ಕೇಳಿ. ಬೆರಳಷ್ಟೂ ಉದ್ದ ಇರದ ಪ್ಲಾಸ್ಟಿಕ್ ತುಂಡು, ಪೈಪಿನ ಮಧ್ಯೆ ಸಿಕ್ಕಿಸಬೇಕು. ಊದಿ ನೋಡಿ, ಗಾಳಿ ಹೊರಬರುವ ತುದಿ ತೊಟ್ಟಿಯ ಕಡೆಗಿರಲಿ.