ಬೇರಿನ ಮೇಲೆ ಜಾಗ ಹಿಡಿಯಬೇಕಾದ ಬ್ಯಾಕ್ಟೀರಿಯಾ

ಟೊಮೆಟೊ ಗಿಡ ಎಲೆಯಲ್ಲಿ ಮಾಡಿಕೊಂಡ ಸಕ್ಕರೆಯನ್ನೆಲ್ಲ ತಾನೇ ಬಳಸುವುದಿಲ್ಲ. ಒಂದು ಪಾಲು ಬೇರಿನಿಂದ ಮಣ್ಣಿಗೆ ಒಸರುತ್ತದೆ. ಮಾಡಿದ ಅಡುಗೆಯನ್ನು ಸುಮ್ನೆ ಚೆಲ್ಲಿದ ಹಾಗೆ, ಅಲ್ವಾ? ಆದರೆ ಅದನ್ನು ತಿನ್ನಲು ಬ್ಯಾಕ್ಟೀರಿಯಾಗಳು ಮುತ್ತಿಕೊಳ್ಳುತ್ತವೆ. ಬೇರಿಗೆ ಅಂಟಿದ ಮಣ್ಣಿನಲ್ಲಿ ಅವು ಪಕ್ಕದ ಮಣ್ಣಿಗಿಂತ ಎಷ್ಟೋ ಪಟ್ಟು ಜಾಸ್ತಿ. ಜರ್ಮನಿಯ ವಿಜ್ಞಾನಿ ಲೊರೆಂಜ್ ಹಿಲ್ಟ್‌ನರ್ 1904ರಲ್ಲೇ ಈ ಜಾಗಕ್ಕೆ ರೈಜೋಸ್ಫಿಯರ್ ಎಂದು ಹೆಸರಿಟ್ಟರು.

ಬಂದವೆಲ್ಲ ಗಿಡಕ್ಕೆ ಒಳ್ಳೆಯದು ಮಾಡುವುದಿಲ್ಲ. ಕೆಲವು ರೋಗ ತರುತ್ತವೆ, ಹಲವು ತಿಂದುಕೊಂಡು ತಮ್ಮ ಪಾಡಿಗೆ ಇರುತ್ತವೆ. ಗಿಡದ ಬೆಳವಣಿಗೆಗೆ ನೆರವಾಗುವ ಗುಂಪನ್ನು ವಿಜ್ಞಾನಿಗಳಾದ ಕ್ಲೋಪರ್ ಮತ್ತು ಶ್ರಾತ್ 1978ರಲ್ಲಿ ಮೂಲಂಗಿ ಬೆಳೆಯಲ್ಲಿ ಗುರುತಿಸಿ ವಿವರಿಸಿದರು.

ಈ ಗುಂಪಿನಲ್ಲಿ ನನಗೆ ತುಂಬಾ ಇಷ್ಟವಾದದ್ದು ಸ್ಯೂಡೊಮೊನಾಸ್. ಮಣ್ಣಿನಲ್ಲಿ ಕಬ್ಬಿಣ ಬೇಕಾದಷ್ಟಿದ್ದರೂ ಹೆಚ್ಚಿನದು ನೀರಿನಲ್ಲಿ ಕರಗದ ರೂಪದಲ್ಲಿರುತ್ತದೆ. ಸ್ಯೂಡೊಮೊನಾಸ್ ಸಿಡೆರೊಫೋರ್ ಎಂಬ ಅಣುಗಳನ್ನು ಹೊರಗೆ ಬಿಟ್ಟು, ಸಿಕ್ಕ ಕಬ್ಬಿಣವನ್ನು ಬಾಚಿಕೊಳ್ಳುತ್ತದೆ. ಅಲ್ಲೇ ಹೊಂಚು ಹಾಕಿದ್ದ ರೋಗದ ಶಿಲೀಂಧ್ರಕ್ಕೆ ಕಬ್ಬಿಣ ಸಾಲದೆ ಬೆಳವಣಿಗೆ ಕುಂಠಿತವಾಗುತ್ತದೆ. ಇದರ ಕೆಲವು ತಳಿಗಳು ಬೇರಿನಲ್ಲಿದ್ದುಕೊಂಡೇ ಎಲೆಗಳನ್ನೂ ಎಚ್ಚರಿಸುತ್ತವೆ. ಮುಂದೆ ರೋಗ ಬಂದಾಗ ಗಿಡ ಬೇಗ ಎದುರು ನಿಲ್ಲುತ್ತದೆ.

ಬ್ಯಾಸಿಲಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಕೆಲವು ತಳಿಗಳು ಆಮ್ಲ ಬಿಟ್ಟು ಮಣ್ಣಿನಲ್ಲಿ ಕಟ್ಟಿಕೊಂಡ ರಂಜಕವನ್ನು ಕರಗಿಸುತ್ತವೆ. ಇಂಥ ಬ್ಯಾಕ್ಟೀರಿಯಾ ಗಿಡಕ್ಕೆ ಸಾರಜನಕ ಕೊಡುತ್ತದೆ ಎಂಬ ಹೊಗಳಿಕೆ ಮಾತ್ರ ಸ್ವಲ್ಪ ಜಾಸ್ತಿಯೇ ಆಯಿತು. ಹುರುಳಿಕಾಯಿ, ಬಟಾಣಿ ಬೇರಿನ ಗಂಟುಗಳಲ್ಲಿ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದುಕೊಡುವುದು ನಿಜ. ಬದನೆ, ಟೊಮೆಟೊಗಳಲ್ಲಿ ಅಂಥ ಗಂಟುಗಳಿಲ್ಲ. ಅವುಗಳಿಗೆ ಅಜೋಸ್ಪಿರಿಲಮ್ ಎಂಬ ಬ್ಯಾಕ್ಟೀರಿಯಾ ಕೊಟ್ಟಾಗ ಕಾಣುವ ಲಾಭ ಹೆಚ್ಚಾಗಿ ಅದು ಬಿಡುವ ಆಕ್ಸಿನ್ ಎಂಬ ಹಾರ್ಮೋನಿನಿಂದ. ಕವಲು ಬೇರುಗಳು ಜಾಸ್ತಿ ಒಡೆದು, ಗಿಡವೇ ಹೆಚ್ಚು ನೀರು, ಪೋಷಕಾಂಶ ಎಳೆದುಕೊಳ್ಳುತ್ತದೆ.

ಹಾಗಾದರೆ ಇಂಥ ಬ್ಯಾಕ್ಟೀರಿಯಾ ತುಂಬಿ ಮಾರುವ ಪೊಟ್ಟಣ ಒಂದು ಹೊಲದಲ್ಲಿ ಫಲ ಕೊಟ್ಟು ಇನ್ನೊಂದರಲ್ಲಿ ಯಾಕೆ ಕೈಕೊಡುತ್ತದೆ? ಪೊಟ್ಟಣದಲ್ಲಿರುವುದು ಜೀವ. ಹೊಸದಾಗಿ ಬಂದ ಬ್ಯಾಕ್ಟೀರಿಯಾ ಮೊದಲೇ ಬೇರೂರಿದವುಗಳ ಜೊತೆ ಪೈಪೋಟಿ ನಡೆಸಿ ಜಾಗ ಹಿಡಿಯಬೇಕು. ಒಣ ಮಣ್ಣಿನಲ್ಲಿ, ಸಾವಯವ ಅಂಶ ಕಡಿಮೆಯಿರುವಲ್ಲಿ ಅದು ಬೇಗ ಸಾಯುತ್ತದೆ. ಅದಕ್ಕೇ ಹೊಲಕ್ಕೆಲ್ಲ ಎರಚುವುದಕ್ಕಿಂತ ಬೀಜಕ್ಕೆ ಲೇಪಿಸುವುದು ಅಥವಾ ನಾಟಿಗೆ ಮುಂಚೆ ಸಸಿಯ ಬೇರನ್ನು ದ್ರಾವಣದಲ್ಲಿ ಅದ್ದುವುದು ಮೇಲು. ಬೇರು ಎಳೆಯದಾಗಿದ್ದಾಗಲೇ ಬ್ಯಾಕ್ಟೀರಿಯಾ ಅಲ್ಲಿ ಕೂರುತ್ತದೆ. ಬಿಸಿಲು ಇಳಿದ ಮೇಲೆ ಈ ಕೆಲಸ ಮಾಡಿ. ತಾಮ್ರದ ಔಷಧಿಯ ಜೊತೆ ಬೆರೆಸಬೇಡಿ. ಬ್ಯಾಸಿಲಸ್ ಗಟ್ಟಿ ಬೀಜಕಣವಾಗಿ ಬಹಳ ಕಾಲ ತಡೆದುಕೊಳ್ಳುತ್ತದೆ, ಸ್ಯೂಡೊಮೊನಾಸ್‌ಗೆ ಆ ಶಕ್ತಿಯಿಲ್ಲ. ಹಾಗಾಗಿ ಕೊಳ್ಳುವಾಗ ತಯಾರಿಕೆಯ ತಾರೀಖು ನೋಡಿ. ಮೊದಲ ಸಲ ಒಂದೆರಡು ಸಾಲನ್ನು ಏನೂ ಹಾಕದೆ ಹಾಗೇ ಬಿಡಿ. ಹೋಲಿಸಲು ಸಾಲಿಲ್ಲದಿದ್ದರೆ, ಮಳೆ ಚೆನ್ನಾಗಿದ್ದ ವರ್ಷದ ಹೆಸರನ್ನೂ ಪೊಟ್ಟಣವೇ ಹೊಡೆದುಕೊಳ್ಳುತ್ತದೆ.