ಮುಂಬಯಿ ಕೆಮ್ಮಿನೊಳಗೆ ಅಡಗಿದ ಇನ್ನೊಂದು ಕೆಮ್ಮು

ಮಾಟುಂಗದಿಂದ ಡೊಂಬಿವಲಿವರೆಗೆ ನಮ್ಮವರ ಯಾವ ಮನೆಗೆ ಹೋದರೂ ಚಳಿಗಾಲದಲ್ಲಿ ಒಬ್ಬರಾದರೂ ಕೆಮ್ಮುತ್ತಿರುತ್ತಾರೆ. 'ಮುಂಬಯಿ ಧೂಳು' ಅಂದುಬಿಟ್ಟರೆ ಮಾತು ಮುಗಿಯಿತು. ಆದರೆ ಕೆಲವು ಮಕ್ಕಳ ಕೆಮ್ಮು ಈ ಊರಿನ ಧೂಳಿನಿಂದ ಬಂದದ್ದಲ್ಲ. ಅದು ಉಸಿರುನಾಳದ ಒಳಪದರದ ಮೇಲಿರುವ ಸಿಲಿಯಾದಿಂದ ಬಂದದ್ದು.

ಸಿಲಿಯಾ ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲು. ಒಂದು ಜೀವಕೋಶದ ಮೇಲೆ ಸುಮಾರು 200 ಇರುತ್ತವೆ, ಸೆಕೆಂಡಿಗೆ ಹತ್ತಕ್ಕೂ ಜಾಸ್ತಿ ಸಲ ಬೀಸುತ್ತವೆ. ಮುಂದೆ ಹೋಗುವಾಗ ನೆಟ್ಟಗೆ ನಿಂತು ತುದಿಯಿಂದ ಕಫ ತಳ್ಳುತ್ತವೆ. ಹಿಂದೆ ಬರುವಾಗ ಬಾಗಿ, ಕಫದ ಕೆಳಗಿನ ತೆಳು ನೀರಿನಲ್ಲೇ ನುಸುಳುತ್ತವೆ. ಧೂಳು ಅಂಟಿದ ಕಫ ಗಂಟಲಿಗೆ ಏರುತ್ತದೆ, ನಾವು ಗೊತ್ತಿಲ್ಲದೇ ನುಂಗುತ್ತೇವೆ.

ಪ್ರಾಣಿಗಳ ಒಳಪದರದಲ್ಲಿ ಈ ಚಲನೆಯನ್ನು ವಿಜ್ಞಾನಿಗಳಾದ ಪುರ್ಕಿನ್ಯೆ ಮತ್ತು ವ್ಯಾಲೆಂಟಿನ್ ಕಂಡದ್ದು 1830ರ ದಶಕದಲ್ಲಿ. ಒಳರಚನೆ ಕಾಣಲು 1950ರ ದಶಕದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕಾಯಿತು. ಸುತ್ತ 9 ಜೋಡಿ ಕೊಳವೆ, ನಡುವೆ 2. ಜೋಡಿಗಳಿಗೆ ಪುಟ್ಟ ತೋಳುಗಳು. ತೋಳಿನ ಪ್ರೋಟೀನಿಗೆ 1965ರಲ್ಲಿ ಡೈನೀನ್ ಎಂಬ ಹೆಸರು ಬಂತು. ಅದು ಪಕ್ಕದ ಜೋಡಿಯನ್ನು ಜಾರಿಸುತ್ತದೆ, ಬುಡ ಬಿಗಿಯಾಗಿರುವುದರಿಂದ ಕೂದಲು ಬಾಗುತ್ತದೆ.

ಇಲ್ಲಿಂದ ಕಥೆ ಬೇರೆ ಕಡೆ ತಿರುಗುತ್ತದೆ. ಸ್ವೀಡನ್ನಿನ ವಿಜ್ಞಾನಿ ಬ್ಯೋರ್ನ್ ಅಫ್ಜೇಲಿಯಸ್, ಮಕ್ಕಳಾಗದ ಕೆಲವು ಗಂಡಸರ ವೀರ್ಯಾಣು ಈಜದೇ ಇದ್ದದ್ದನ್ನು ನೋಡಿದರು. ವೀರ್ಯಾಣುವಿನ ಬಾಲಕ್ಕೂ ಇದೇ ರಚನೆ, ಅಲ್ವಾ? ಅದರಲ್ಲಿ ಡೈನೀನ್ ತೋಳುಗಳೇ ಇರಲಿಲ್ಲ. ಆ ಗಂಡಸರಿಗೆ ಚಿಕ್ಕಂದಿನಿಂದ ಕಫದ ಕಾಟವೂ ಇತ್ತು. ಕೆಲವರ ಹೃದಯ ಬಲಕ್ಕಿತ್ತು. ಕಫದ ಕಾಯಿಲೆ ಮತ್ತು ಬಲಕ್ಕಿರುವ ಹೃದಯದ ಈ ಜೊತೆಯನ್ನು ವೈದ್ಯ ಕಾರ್ಟಗೆನರ್ 1933ರಲ್ಲೇ ಬರೆದಿದ್ದರು, ಕಾರಣ ಹೊಳೆದಿರಲಿಲ್ಲ. 1976ರಲ್ಲಿ ಅಫ್ಜೇಲಿಯಸ್ ಎಲ್ಲವನ್ನೂ ಒಂದೇ ದಾರಕ್ಕೆ ಪೋಣಿಸಿದರು. ಭ್ರೂಣದಲ್ಲೂ ಸಿಲಿಯಾ ತಿರುಗಿಯೇ ಅಂಗಗಳ ಎಡ-ಬಲ ತೀರ್ಮಾನವಾಗುತ್ತದೆ ಅಂತ ಮುಂದೆ 1998ರಲ್ಲಿ ಇಲಿ ಭ್ರೂಣಗಳಲ್ಲಿ ಕಂಡಿತು.

ಮೊದಲು ಇದನ್ನು 'ಚಲಿಸದ ಸಿಲಿಯಾ' ಕಾಯಿಲೆ ಅಂದರು. ಎಷ್ಟೋ ಜನರಲ್ಲಿ ಸಿಲಿಯಾ ಚಲಿಸುತ್ತದೆ, ಆದರೆ ತಪ್ಪು ಲಯದಲ್ಲಿ. ಹಾಗಾಗಿ ಹೆಸರು ಪ್ರೈಮರಿ ಸಿಲಿಯರಿ ಡಿಸ್ಕೈನೇಸಿಯಾ, ಅಂದರೆ ಸಿಲಿಯಾ ಚಲನೆಯ ಹುಟ್ಟುದೋಷ, ಆಯಿತು. ಈಗ ಇದಕ್ಕೆ ಕಾರಣವಾಗುವ 50ಕ್ಕೂ ಹೆಚ್ಚು ಜೀನ್‌ಗಳು ಗೊತ್ತಿವೆ. ಹೆಚ್ಚಿನವುಗಳಲ್ಲಿ ದೋಷ ತಂದೆ-ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಕಾಯಿಲೆ. ರಕ್ತಸಂಬಂಧದಲ್ಲೇ, ಸೋದರಮಾವನಿಗೆ ಹೆಣ್ಣು ಕೊಡುವ ಮನೆಗಳು ಇದನ್ನು ಸುಮ್ನೆ ಓದಿ ಬಿಡಬಾರದು.

ತಿಂಗಳು ತುಂಬಿ ಹುಟ್ಟಿದರೂ ಮೊದಲ ದಿನವೇ ಉಸಿರಿಗೆ ಕಷ್ಟ, ಆಮೇಲೆ ವರ್ಷಪೂರ್ತಿ ಮೂಗು ಸೋರುವುದು, ಮಳೆಗಾಲಕ್ಕೂ ಬಿಡದ ಕಫದ ಕೆಮ್ಮು. ಇಂಥ ಮಗುವಿನ ವಿಷಯವನ್ನು ಧೂಳಿನ ಲೆಕ್ಕಕ್ಕೆ ಬರೆಯುವುದು ನಮ್ಮಲ್ಲಿ ತುಂಬಾ ಸುಲಭವಾಗಿಬಿಟ್ಟಿದೆ. ಪೂರ್ತಿ ವಾಸಿ ಮಾಡುವ ಔಷಧ ಇನ್ನೂ ಇಲ್ಲ. ದಿನವೂ ವ್ಯಾಯಾಮ ಮಾಡಿಸಿ, ಬೆನ್ನು ತಟ್ಟಿ ಕಫ ತೆಗೆಸಬೇಕು. ಸಿಲಿಯಾ ಕೈಕೊಟ್ಟ ಮಗುವಿಗೆ ಕಫ ಹೊರಹಾಕಲು ಉಳಿದಿರುವುದು ಕೆಮ್ಮೇ. ನಾವು ಸಿರಪ್ ಕುಡಿಸಿ ನಿಲ್ಲಿಸಲು ನೋಡುವುದೂ ಅದನ್ನೇ.